ಭರಣಿಯಲ್ಲಿ ಬಂದ ಜೋನಿಬೆಲ್ಲ

ಅಪ್ಪೀ, ಪುಟ್ಟೀ,

ನಿಮ್ಮ ಅಜ್ಜಿ ಶಿರಸಿಯ ಕೋರ್ಟಿನಲ್ಲಿ ಕಟಕಟೆ ಹತ್ತಿದ್ದು ನಿಮಗೆ ನಗೆಯ ಸಂಗತಿ. ಹತ್ತಿದವಳಿಗೆ ಹಾಗಿರಲಿಲ್ಲ. ಎದುರು ಕೂತು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಮತ್ತು ನನ್ನ ಓರಗಿತ್ತಿ, ಅಂದರೆ ನಿಮ್ಮ ಸಣ್ಣಜ್ಜಿ, ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರತೊಡಗಿದೆವು. ಶಿರಸಿ ಪೇಟೆಯ ಒಬ್ಬ ಸಗಟು ವ್ಯಾಪಾರಿ ಮನೆಗೇ ಬಂದು, ಮಾಡಿದ್ದೆಲ್ಲ ನನಗೇ ಕೊಡಿ, ಮಾರುವ ಚಿಂತೆ ನಿಮಗೆ ಬೇಡ ಎಂದರು. ಕರಾರುಪತ್ರವಾಯಿತು. ಪ್ರತಿಫಲ ಪಡೆದು ಬೇರೆ ಯಾರಿಗೂ ಉಪ್ಪಿನಕಾಯಿ ಕೊಡತಕ್ಕದ್ದಲ್ಲ ಎಂದು ಅದರಲ್ಲಿತ್ತು. ನಮಗೇನೂ ಕಷ್ಟ ಕಾಣಲಿಲ್ಲ. ಇಬ್ಬರೂ ಸಹಿ ಹಾಕಿದೆವು.

ಮೊದಮೊದಲು ಸರಿಯಾಗಿಯೇ ನಡೆಯಿತು. ಆಮೇಲೆ ಅವರಿಗೆ ಬೇರೆ ಕಡೆ ಅಗ್ಗದ ಮಾಲು ಸಿಕ್ಕಿತು. ನಮ್ಮದನ್ನು ಒಯ್ಯಲು ವ್ಯಾನು ಬರುವುದು ನಿಂತಿತು. ಯಲ್ಲಾಪುರದಲ್ಲಿ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರು, ನಮ್ಮದೇ ಗಾಡಿ ಇದೆ, ನಾವು ಒಯ್ಯುತ್ತೇವೆ ಎಂದರು. ಕೊಡುವ ಹಾಗಿರಲಿಲ್ಲ. ವ್ಯಾಪಾರಿ ತಾನೂ ಒಯ್ಯರು, ಬೇರೆಯವರಿಗೂ ಬಿಡರು. ಉಪ್ಪಿನಕಾಯಿಯ ಡ್ರಮ್ಮುಗಳು ಜಗಲಿಯವರೆಗೂ ಬಂದವು. ಸಣ್ಣಜ್ಜಿ ದೇವರ ಕೋಣೆಗೂ ಅಡ್ಡಡ್ಡ ನಡೆದೇ ಹೋಗಬೇಕಾಯಿತು. ಕೊನೆಗೆ, ಈ ಕರಾರಿನಿಂದ ನಮ್ಮನ್ನು ಬಿಡಿಸಿ ಎಂದು ನಾವೇ ಕೋರ್ಟಿಗೆ ಹೋದೆವು.

ಕರಾರು ಮೊದಲು ಮುರಿದವರು ನೀವೇ ಎಂದು ಅವರ ಉತ್ತರ ಬಂತು. ಬಿಳಗಿ ಹತ್ತಿರದ ನೆಂಟರ ಮನೆಯ ಉಪನಯನಕ್ಕೆ ನಾವು ಒಂದು ಭರಣಿ ಉಪ್ಪಿನಕಾಯಿ ಕೊಟ್ಟಿದ್ದು ನಿಜ. ವ್ಯಾಪಾರಿಯ ಗುಮಾಸ್ತರೂ ಆ ಪಂಕ್ತಿಯಲ್ಲಿ ಉಂಡಿದ್ದರಂತೆ. ರುಚಿಯಲ್ಲೇ ಗುರುತು ಹಿಡಿದು, ಮತ್ತೊಮ್ಮೆ ಬಡಿಸಿಕೊಂಡು, ಆಮೇಲೆ ಯಜಮಾನರಿಗೆ ಹೇಳಿದರು.

ಪಾಟೀಸವಾಲಿನ ದಿನ ಅವರ ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು.

"ಅಮ್ಮಾ, ಆ ಭರಣಿ ವಾಪಸ್ ಬಂತಾ?"

"ಬಂತು."

"ಖಾಲಿ ಬಂತಾ?"

ನಮ್ಮ ಕಡೆ ಪಾತ್ರೆಯನ್ನು ಖಾಲಿ ತಿರುಗಿಸುವುದುಂಟೇ? ಅಂಥ ಅಪವಾದವನ್ನು ಆ ಮನೆಯವರ ಮೇಲೆ ನಾನು ಹೇಗೆ ಹೊರಿಸಲಿ?

"ಹಾಗೆಲ್ಲ ಮಾಡುವವರಲ್ಲ ಅವರು. ಭರಣಿ ತುಂಬ ಜೋನಿಬೆಲ್ಲ ಹಾಕಿ ಕೊಟ್ಟಿದ್ದರು" ಎಂದೆ.

ವಕೀಲರು ಅಷ್ಟೇ ಸಾಕು ಎಂದು ಕುಳಿತುಬಿಟ್ಟರು. ಆ ಬೆಲ್ಲವೇ ಪ್ರತಿಫಲ ಎಂದು ನಮ್ಮ ವಕೀಲರು ಹೊರಗೆ ಬಂದ ಮೇಲೆ ಬಿಡಿಸಿ ಹೇಳಿದರು.

ಬಸ್ಸಿನಲ್ಲಿ ಸಣ್ಣಜ್ಜಿ, "ಅಕ್ಕಯ್ಯ, ಯಾವಾಗ್ಲೂ ಬಾಯಿ ಬಿಡ್ತಿಲ್ಲೆ ನೀನು. ಇವತ್ತೇ ಎಂತಕ್ಕೆ ಬಿಟ್ಟೆ?" ಎಂದಳು.

"ಬೆಲ್ಲ ಬಂದದ್ದು ಸುಳ್ಳಾ?"

"ಸುಳ್ಳಲ್ಲ. ದೋಸೆಗೆ ಹಾಕ್ಕಂಡು ತಿಂದವಳು ಆನೇ" ಎಂದು ಕಿಟಕಿಯ ಕಡೆ ತಿರುಗಿದಳು.

ಸೋಲುವುದಕ್ಕಿಂತ ರಾಜಿ ಮೇಲು ಎಂದರು ನಮ್ಮ ವಕೀಲರು. ವ್ಯಾಪಾರಿ ಮತ್ತೆ ಮಾಲು ಒಯ್ಯಲು ಒಪ್ಪಿದರು. ಆದರೆ ಹೊಸ ಕಾಗದದಲ್ಲಿ, ನೆಂಟರಿಗಾಗಲಿ, ನೆರೆಯವರಿಗಾಗಲಿ, ದೇವಸ್ಥಾನಕ್ಕಾಗಲಿ ಕೊಡತಕ್ಕದ್ದಲ್ಲ ಎಂದು ಸೇರಿಸಿದರು. ಬಂದವರು ನಮ್ಮ ಮನೆಯಲ್ಲೇ ಉಂಡರೆ ಅಡ್ಡಿಯಿಲ್ಲವಂತೆ. ಮಿಡಿಗಳು ಮೆತ್ತಗಾಗತೊಡಗಿದ್ದವು, ಕಾಯುವ ಹಾಗಿರಲಿಲ್ಲ. ಸಹಿ ಹಾಕಿದೆವು. ಈಗ ಯಾರ ಮನೆಯಲ್ಲಿ ಕಾರ್ಯವಾದರೂ ಬರಿಗೈಯಲ್ಲಿ ಹೋಗುತ್ತೇನೆ, ಬೇಗ ಉಂಡು ಬರುತ್ತೇನೆ. ಮೊದಲು ಉಪ್ಪಿನಕಾಯಿ ಕೇಳುತ್ತಿದ್ದವರು ಕೇಳುವುದನ್ನೇ ಬಿಟ್ಟಿದ್ದಾರೆ.

ಆ ಕಾಗದದ ಕೊನೆಗೆ, ಇದು ನಮಗೂ ನಮ್ಮ ವಾರಸುದಾರರಿಗೂ ಬದ್ಧ ಎಂದಿದೆ. ವಾರಸುದಾರರು ಎಂದರೆ ನೀವೇ, ಮಕ್ಕಳೇ. ಈ ಕೆಲಸ ನಿಮ್ಮ ಕೈಗೆ ಬಂದ ದಿನ ಅವರು ಅದನ್ನು ತೋರಿಸಿಯೇ ತೋರಿಸುತ್ತಾರೆ. ನಾವು ಯಾಕೆ ಒಪ್ಪಬೇಕಾಯಿತು ಎಂದು ಅದರಲ್ಲಿ ಎಲ್ಲೂ ಇಲ್ಲ. ಒಳ್ಳೆಯ ವಕೀಲರು ಸಿಕ್ಕರೆ ಇದನ್ನೂ ಓದಿಸಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಗೆದ್ದಲು ಮುಟ್ಟದ ಕಡೆ ಇಟ್ಟುಕೊಳ್ಳಿ.