ಬಂದೂಕು ಸಂತೆಯ ಬಾಗಿಲಲ್ಲಿ ವರ್ಲಿನ್

ಸಂವಿಧಾನದ ಮಾತು ಬಂದರೆ ಮಿಲ್‌ಬ್ರುಕ್ ಊರಿನಲ್ಲಿ ವರ್ಲಿನ್ ಸ್ಟೌಫರನನ್ನು ಮೀರಿಸುವವರಿರಲಿಲ್ಲ. ಪೂರ್ತಿ ಓದಿದ್ದನೆಂದಲ್ಲ. ಬಂದೂಕಿನ ಹಕ್ಕಿನ ಒಂದು ವಾಕ್ಯ ಬಾಯಿಪಾಠವಿತ್ತು, ಅದರಲ್ಲೂ 'ಹಕ್ಕಿಗೆ ಕೈ ಹಾಕಕೂಡದು' ಎಂಬ ಕೊನೆಯ ಅರ್ಧ ಮಾತ್ರ. ನಲವತ್ತು ವರ್ಷ ನಲ್ಲಿ ರಿಪೇರಿ ಮಾಡಿ ನಿವೃತ್ತನಾದ ಮೇಲೆ ಊರಿನ ಕೌನ್ಸಿಲ್ ಸದಸ್ಯನಾಗಿದ್ದ. ತಿಂಗಳಿಗೊಂದು ಶನಿವಾರ ಅಗ್ನಿಶಾಮಕ ಭವನದಲ್ಲಿ ನಡೆಯುವ ಬಂದೂಕು ಸಂತೆಯ ಬಾಗಿಲನ್ನೂ ಕಾಯುತ್ತಿದ್ದ.

ಬಾಗಿಲಲ್ಲಿ ಮಾತ್ರ ಅಬ್ಬಬ್ಬಾ, ಏನು ಕಟ್ಟುನಿಟ್ಟು! ಬಂದವರ ಬಂದೂಕು ಇಸಿದುಕೊಂಡು, ಗುಂಡು ಖಾಲಿ ಮಾಡಿಸಿ, ಬೆರಳಿಟ್ಟು ಎಳೆಯುವ ಕುದುರೆ ಅಲುಗಾಡದಂತೆ ಹಳದಿ ಪ್ಲಾಸ್ಟಿಕ್ ಪಟ್ಟಿ ಬಿಗಿದ ಮೇಲೆಯೇ ಒಳಗೆ ಬಿಡುತ್ತಿದ್ದ. ಹಿಂದೊಮ್ಮೆ "ಖಾಲಿ ಇದೆ ಮಾರಾಯ" ಎಂದವನ ಮಾತು ನಂಬಿ ಎಡಗೈ ಹೆಬ್ಬೆರಳು ಕಳೆದುಕೊಂಡಿದ್ದ. ಅಂದಿನಿಂದ ಚರ್ಚಿನ ಪಾದ್ರಿ ಬಂದರೂ ಪಟ್ಟಿ ತಪ್ಪುತ್ತಿರಲಿಲ್ಲ.

ಅವನ ಅಕ್ಕ ನೋರೀನ್ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಒಂದು ಶನಿವಾರ ಅವಳು ಮಕ್ಕಳಿಗೆ ಕಥೆ ಓದುತ್ತಿದ್ದಾಗ, ಮಗಳನ್ನು ಬಿಡಲು ಬಂದ ಅಪ್ಪನೊಬ್ಬನ ಸೊಂಟದಿಂದ ಪಿಸ್ತೂಲು ಜಾರಿ ಚಾಪೆಯ ಮೇಲೆ ಬಿತ್ತು. ವರ್ಲಿನ್‌ನ ಐದು ವರ್ಷದ ಮೊಮ್ಮಗಳು ಟೆಸ್ಸಿ ಅದನ್ನೆತ್ತಿ ಮರ್ಯಾದೆಯಾಗಿ ವಾಪಸು ಕೊಟ್ಟಳು. ಗುಂಡು ತುಂಬಿತ್ತು. ನೋರೀನ್ ಮಕ್ಕಳ ಕೋಣೆಗೆ ಬಂದೂಕು ಬೇಡ ಎಂಬ ಒಂದೇ ಸಾಲಿನ ನಿಯಮ ಕೇಳಿ ಕೌನ್ಸಿಲಿಗೆ ಅರ್ಜಿ ಹಾಕಿದಳು.

ಪರವಾಗಿ ಎರಡು ಮತ, ವಿರುದ್ಧ ಎರಡು. ಐದನೆಯದು ವರ್ಲಿನ್‌ನದು. ಅವನು ಎಡಗೈಯನ್ನು ಜೇಬಿಗೆ ತುರುಕಿ ಎದ್ದು ನಿಂತ.

"ಇವತ್ತು ಕಥೆ ಕೋಣೆ ಅಂತೀರಿ, ನಾಳೆ ನಮ್ಮ ಅಡುಗೆಮನೆಗೇ ನುಗ್ತೀರಿ! ಹಕ್ಕು ಅಂದ್ರೆ ಹಕ್ಕು. ಅದಕ್ಕೆ ಬೇಲಿ ಹಾಕೋಕೆ ನೀವ್ಯಾರ್ರೀ?"

"ಮತ್ತೆ ಸಂತೆ ಬಾಗಿಲಲ್ಲಿ ನೀನು ಪಟ್ಟಿ ಬಿಗೀತೀಯಲ್ಲ, ಅದೇನೋ?" ಎಂದಳು ನೋರೀನ್.

"ಅದು ಬೇರೆ ಅಕ್ಕ. ಒಳಗೆ ನಾನೂರು ಜನ ಇರ್ತಾರೆ, ಎಲ್ಲರ ಕೈಲೂ ಬಂದೂಕು. ಯಾರನ್ನ ಅಂತ ನಂಬೋದು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವರ್ಲಿನ್ ಒಬ್ಬನನ್ನು ಬಿಟ್ಟು ಸಭೆಗೆಲ್ಲ ಅರ್ಥವಾಗಿತ್ತು. ಅದರಿಂದೇನು, ನಿಯಮ ಬಿದ್ದುಹೋಯಿತು. ಸ್ವಾತಂತ್ರ್ಯ ಉಳಿದ ಖುಷಿಗೆ ಗೆಳೆಯರು ಅವನಿಗೆ ಕಾಫಿ, ಸೇಬಿನ ಪೈ ಕೊಡಿಸಿದರು.

ಮುಂದಿನ ಶನಿವಾರ ಸಂತೆ. ವರ್ಲಿನ್ ಪಟ್ಟಿಗಳ ಕಟ್ಟು ಬಿಚ್ಚುತ್ತಿರುವಾಗ ನೋರೀನ್ ಬಂದಳು. ಕಂಕುಳಲ್ಲಿ ಚಾಪೆ, ಕೈಯಲ್ಲಿ ಕಥೆಪುಸ್ತಕ, ಬೆನ್ನ ಹಿಂದೆ ಹನ್ನೊಂದು ಮಕ್ಕಳು.

"ಇದೇನಕ್ಕ, ಇಲ್ಲಿಗ್ಯಾಕೆ ಕರ್ಕೊಂಡು ಬಂದೆ? ತಲೆ ಕೆಟ್ಟಿದೆಯಾ?"

"ನೆಟ್ಟಗಿದೆ. ಬಂದೋರ ಬಂದೂಕು ಇಸ್ಕೊಂಡು ನೋಡೋ ಜಾಗ ಈ ಊರಲ್ಲಿ ಇದೊಂದೇ ಕಣೋ. ಆ ಮೂಲೇಲಿ ಕೂತು ಓದ್ಕೋತೀವಿ. ಸರಿ ಆಚೆ."

ವರ್ಲಿನ್ ಬಾಯಿ ತೆರೆದ. ಸಂವಿಧಾನ ಹೊರಗೆ ಬರಲಿಲ್ಲ. ಟೆಸ್ಸಿ ಮೇಜಿನ ಮೇಲಿದ್ದ ಹಳದಿ ಪಟ್ಟಿಯನ್ನು ಎತ್ತಿ ನೋಡಿದಳು.

"ತಾತ, ಅವತ್ತು ನಾನು ಎತ್ತಿಕೊಟ್ಟೆನಲ್ಲ, ಅದಕ್ಕೆ ಯಾಕೆ ಇದನ್ನ ಕಟ್ಟಿರ್ಲಿಲ್ಲ?"

ವರ್ಲಿನ್ ನಾಚಿಕೆಯಿಂದ ಮಗುವಿನ ಮುಖ ನೋಡಲಾರದೆ, ಬಾಗಿಲಿಗೆ ಅಡ್ಡವಿದ್ದ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ದಾರಿ ಬಿಟ್ಟ.