ನದಿ ಬಾಲ್ಕನಿಯ ಕಡೆ ಹರಿಯಬೇಕು

ನಮ್ಮಲ್ಲಿ ಹೆಣ್ಣು ಕೊಡುವವರು ಮೊದಲು ಊರು ನೋಡುತ್ತಾರೆ, ಹುಡುಗನನ್ನು ಆಮೇಲೆ. ಮನೆಯ ಹಿರಿಯರೊಬ್ಬರು ಇಸ್ತ್ರಿ ಮಾಡಿದ ಪಂಚೆ ಉಟ್ಟು ಆ ಊರಿಗೆ ಹೋಗುತ್ತಾರೆ. ಹೋಟೆಲಿನಲ್ಲಿ ಒಂದು ಚಾ ಕುಡಿದು, ಕ್ಷೌರದಂಗಡಿಯ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಬೇರೇನೋ ಕೆಲಸಕ್ಕೆ ಬಂದವರಂತೆ ನಾಲ್ಕು ಮಾತಾಡಿ ಬರುತ್ತಾರೆ. ಬೇಸಿಗೆಯಲ್ಲಿ ಬಾವಿಯಲ್ಲಿ ನೀರುಂಟೋ, ನೆರೆಯವರ ಜೊತೆ ಬೇಲಿ ಜಗಳ ಉಂಟೋ, ಆ ಮನೆಯ ಗಂಡಸರು ಸಂಜೆ ಎಲ್ಲಿರುತ್ತಾರೆ, ಇದೆಲ್ಲ ಜಾತಕಕ್ಕಿಂತ ಮುಖ್ಯ. ಈ ವಿಷಯದಲ್ಲಿ ನನ್ನ ಅಮ್ಮ ಇಡೀ ಕುಟುಂಬಕ್ಕೆ ಹೈಕೋರ್ಟು. ನನ್ನ ಅಕ್ಕನ ಮಗಳಿಗೆ ಬಂದ ಸಂಬಂಧ ಒಂದನ್ನು, ಆ ಊರಿನವರು ಯಾರೂ ಯಾರನ್ನೂ ಬೈಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಬೇಡ ಎಂದವಳು ಅವಳು.

ಇಂಥ ಅಮ್ಮ ವಿಸಿಟ್ ವೀಸಾದಲ್ಲಿ ದುಬೈಗೆ ಬಂದು, ಅಲ್ ಮುರಕ್ಕಬಾತಿನ ನಮ್ಮ ಫ್ಲಾಟಿನಲ್ಲಿ ಕಾಲು ಚಾಚಿ ಕುಳಿತಿದ್ದಾಗಲೇ ನನ್ನ ಮಗಳು ಒಂದು ವೀಕೆಂಡು ಅಬುಧಾಬಿಯಿಂದ ಬಂದಳು. ಅಲ್ಲಿ ಎಲೆಕ್ಟ್ರಾ ಸ್ಟ್ರೀಟಿನ ಹತ್ತಿರ ಗೆಳತಿಯರೊಂದಿಗೆ ಇದ್ದುಕೊಂಡು ಕೆಲಸ ಮಾಡುತ್ತಾಳೆ. ಬಂದವಳು ಶೂಸು ಬಿಚ್ಚುತ್ತಾ ಬಾಗಿಲಲ್ಲೇ ಹೇಳಿಬಿಟ್ಟಳು: ಆಫೀಸಿನ ಒಬ್ಬ ಫ್ರೆಂಚ್ ಹುಡುಗನನ್ನು ಮದುವೆಯಾಗುತ್ತೇನೆ. ಅಜ್ಜಿ ಬೇಡ ಎಂದರೆ ಆಗುವುದಿಲ್ಲ. ಆದರೆ ಆಮೇಲೆ ಬೇರೆ ಯಾರನ್ನೂ ಆಗುವುದಿಲ್ಲ.

ನನ್ನನ್ನು ಕೇಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ, ನೋಡಿ! ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತವಳು ನಾನು, ಟಿಫಿನ್ ಕಟ್ಟಿದವಳು ನಾನು, ಈ ಊರಿನ ಟ್ರಾಫಿಕ್ಕಿನಲ್ಲಿ ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಹೋದವಳು ನಾನು. ಆದರೆ ಶಾಲೆಗೆ ಸೇರುವವರೆಗೆ ಅವಳನ್ನು ಉಡುಪಿಯ ಹತ್ತಿರದ ನಮ್ಮ ಮನೆಯಲ್ಲಿ ಸಾಕಿದ್ದು ಅಮ್ಮ. ಆ ಹಕ್ಕಿನ ಮುಂದೆ ನನ್ನದು ನಡೆಯುವುದಿಲ್ಲ. ನನ್ನ ಗಂಡ ಮಾತ್ರ ಪೇಪರಿನಿಂದ ತಲೆ ಎತ್ತಿ, "ಹುಡುಗ ಮೀನು ತಿಂತಾನಾ?" ಎಂದು ಕೇಳಿದರು. ತಿನ್ನುತ್ತಾನೆ ಎಂದ ಮೇಲೆ ಅವರ ಕಡೆಯ ವಿಚಾರಣೆ ಮುಗಿಯಿತು.

ಮರುವಾರ ಹುಡುಗ ಊಟಕ್ಕೆ ಬಂದ. ಉದ್ದ ಆಳು, ಬಿಸಿಲಿಗೆ ಮೂಗು ಕೆಂಪಾಗಿತ್ತು, ಕೈಯಲ್ಲಿ ಒಂದು ಕೇಕಿನ ಡಬ್ಬ. ಅಮ್ಮ ಅವನನ್ನು ಎದುರು ಕೂರಿಸಿಕೊಂಡು ಮೊದಲ ಪ್ರಶ್ನೆ ಹಾಕಿದಳು, "ನಿನ್ನ ಊರು ಯಾವುದು ಮಗಾ?" ಮಗಳು ಇಂಗ್ಲಿಷಿಗೆ ತಿರುಗಿಸಿದಳು. ಹುಡುಗ ನಗುತ್ತಾ "ಪ್ಯಾರಿಸ್" ಎಂದ.

"ಪ್ಯಾರಿಸಿನಲ್ಲಿ ಯಾವ ಕಡೆ? ಮನೆಯಿಂದ ಆ ಟವರು ಕಾಣ್ತದಾ?"

ಹುಡುಗನ ಮೂಗಿನ ಕೆಂಪು ಇಡೀ ಮುಖಕ್ಕೆ ಹರಡಿತು. ಟವರು ಕಾಣುವುದಿಲ್ಲ. ಅವನ ಊರಿಗೆ ಪ್ಯಾರಿಸಿನಿಂದ ಅರ್ಧ ದಿನ ರೈಲು, ಆಮೇಲೆ ಕಾರು. ಅದೊಂದು ಚಿಕ್ಕ ಹಳ್ಳಿ, ಹೆಸರು ಹೇಳಿದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೆ ಎಲ್ಲರಿಗೂ ಪ್ಯಾರಿಸ್ ಎನ್ನುವುದು ಅಭ್ಯಾಸವಾಗಿದೆ ಎಂದ.

ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. "ಇರುವ ಊರನ್ನು ಅಡಗಿಸುವವನಿಗೆ ಹೆಣ್ಣು ಕೊಡ್ಲಿಕ್ಕಿಲ್ಲ. ಖಲಾಸ್," ಎಂದಳು. ಖಲಾಸ್ ಎನ್ನುವುದನ್ನು ಕೆಳಗಿನ ಗ್ರೋಸರಿಯವನಿಂದ ಬಂದ ವಾರದಲ್ಲೇ ಕಲಿತಿದ್ದಳು. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟಳು. ನಲ್ಲಿ ಯಾಕೆ ಬಿಟ್ಟಳೆಂದು ನನಗೆ ಗೊತ್ತು, ನಾನೂ ಹಾಗೆ ಬಿಟ್ಟವಳೇ.

ಮಾರನೇ ದಿನ ಅಮ್ಮನ ಮೇಲೆ ರೇಗಿದೆ. "ಎಂತದಮ್ಮ ನಿನ್ನದು? ಇಲ್ಲಿ ನಾವೆಲ್ಲ ಹಾಗೇ ಹೇಳುವುದು. ನಾನು ಮಂಗಳೂರು ಅಂತ ಹೇಳ್ತೇನೆ, ಅದೂ ಗೊತ್ತಿಲ್ಲದವರಿಗೆ ಗೋವಾದ ಹತ್ತಿರ ಅಂತ ಹೇಳ್ತೇನೆ. ನಮ್ಮ ಊರಿನ ಹೆಸರು ಹೇಳಿದರೆ ಇಲ್ಲಿ ಯಾವ ನಾಯಿಗೆ ಗೊತ್ತುಂಟು?"

"ನೀನು ಹೆಣ್ಣು ಕೇಳ್ಲಿಕ್ಕೆ ಹೋದದ್ದಲ್ಲ," ಎಂದಳು ಅಮ್ಮ. ಬಟಾಣಿ ಸುಲಿಯುತ್ತಿದ್ದ ಕೈ ನಿಲ್ಲಲಿಲ್ಲ. "ಯಾರನ್ನಾದರೂ ಕಳಿಸಿ ಊರು ನೋಡಿಸುವ. ಆಮೇಲೆ ಮಾತು."

"ಫ್ರಾನ್ಸಿಗಾ ಅತ್ತೆ?" ನನ್ನ ಗಂಡನಿಗೆ ನಗು ತಡೆಯಲಿಲ್ಲ. "ಅದಕ್ಕೂ ವೀಸಾ ಬೇಕು. ವೀಸಾದವರಿಗೆ ಎಂತ ಹೇಳುದು, ಬೀಗರ ಬಾವಿ ನೋಡ್ಲಿಕ್ಕೆ ಅಂತಾ?"

"ಹಾಗಾದರೆ ಅವನೇ ಊರನ್ನು ಇಲ್ಲಿಗೆ ತರಲಿ."

ಶನಿವಾರ ಮಧ್ಯಾಹ್ನ ಊರು ಬಂತು. ಪಾಪ, ಹುಡುಗ ಲ್ಯಾಪ್‌ಟಾಪಿನಲ್ಲಿ ಮ್ಯಾಪು, ಡ್ರೋನಿನ ಫೋಟೋ ಎಲ್ಲ ತುಂಬಿಸಿಕೊಂಡು ಬಂದಿದ್ದ. ಅಮ್ಮ ಒಂದು ನೋಡಿ ಮುಚ್ಚಿಟ್ಟಳು. "ಮೇಲಿಂದ ನೋಡಿದರೆ ಎಲ್ಲ ಊರೂ ಚಂದ. ನೆಲದಲ್ಲಿ ಬರೆದು ತೋರಿಸಲಿ," ಎಂದು ರಂಗೋಲಿ ಪುಡಿಯ ಡಬ್ಬ ತಂದು ಅವನ ಮುಂದೆ ಕುಕ್ಕಿದಳು. ಸೋಫಾ ಹಿಂದೆ ತಳ್ಳಿ, ಟೀಪಾಯಿ ಎತ್ತಿ, ಹಾಲಿನ ಟೈಲ್ಸಿನ ಮೇಲೆ ಎಲ್ಲರೂ ಕುಳಿತೆವು. ಆ ಉದ್ದ ಕಾಲುಗಳನ್ನು ಮಡಚಲು ಹುಡುಗ ಪಟ್ಟ ಪಾಡು ಹೇಳತೀರದು.

ಮೊದಲು ನದಿಯ ಗೆರೆ ಎಳೆದ. ಅಮ್ಮ ತಡೆದಳು. "ನದಿ ಎಲ್ಲಿಂದ ಎಲ್ಲಿಗೆ ಹೋಗುದು?"

ಪಶ್ಚಿಮಕ್ಕೆ, ಸಮುದ್ರಕ್ಕೆ, ಎಂದ.

"ಪಡುವಿಗೆ ಹೋಗುವ ನದಿಯನ್ನು ಟೀವಿಯ ಕಡೆ ಯಾಕೆ ಹರಿಸ್ತಾನೆ? ಪಡು ಆಚೆ ಉಂಟಲ್ಲ, ಬಾಲ್ಕನಿಯಲ್ಲಿ!"

ನಾವು ಕರಾವಳಿಯವರು, ಮೂಡು ಪಡು ತಪ್ಪಿದರೆ ನಮಗೆ ಅನ್ನ ಇಳಿಯುವುದಿಲ್ಲ. ಹುಡುಗ ಒದ್ದೆ ಬಟ್ಟೆಯಿಂದ ನದಿ ಒರೆಸಿದ. ಈ ಸಲ ನದಿ ಅಡುಗೆಮನೆಯ ಬಾಗಿಲಿನಿಂದ ಹೊರಟು ಸೋಫಾ ಬಳಸಿ ಬಾಲ್ಕನಿಗೆ ಹೋಯಿತು. ಬಡಗಿನಲ್ಲಿ, ಅಂದರೆ ಫ್ರಿಜ್ಜಿನ ಕಡೆ, ಸುಣ್ಣಕಲ್ಲಿನ ಗುಡ್ಡ. ತೆಂಕಿನಲ್ಲಿ ಸೂರ್ಯಕಾಂತಿ ಗದ್ದೆಗಳು. ನಡುವೆ ಇಗರ್ಜಿ, ಅದರ ಎದುರು ಪಂಚಾಯಿತಿ ಕಟ್ಟಡ. ನದಿಯ ದಡದಲ್ಲಿ ಮಾಡು ಹಾಕಿದ ಒಂದು ಕಲ್ಲಿನ ತೊಟ್ಟಿ, ಹಿಂದೆ ಹೆಂಗಸರೆಲ್ಲ ಅಲ್ಲೇ ಬಟ್ಟೆ ಒಗೆಯುತ್ತಿದ್ದರಂತೆ.

"ಅಲ್ಲಿ ಊರಿನ ಸುದ್ದಿ ಎಲ್ಲ ಸಿಕ್ತಿತ್ತು," ಎಂದಳು ಅಮ್ಮ. ಅನುವಾದವಾದಾಗ ಹುಡುಗ ಜೋರಾಗಿ ತಲೆ ಆಡಿಸಿದ. ಅವನ ಅಜ್ಜಿಯೂ ಅದನ್ನೇ ಹೇಳುತ್ತಿದ್ದರಂತೆ.

ಆಮೇಲೆ ಅವನಿಗೇ ಹುಮ್ಮಸ್ಸು ಬಂತು. ಗುಡ್ಡದ ತುಂಬ ಒಂದು ಕಾಲದಲ್ಲಿ ದ್ರಾಕ್ಷಿ ಇತ್ತು, ಮುತ್ತಜ್ಜನ ಅಪ್ಪನ ಕಾಲದಲ್ಲಿ ಬೇರಿಗೆ ಹುಳ ಬಿದ್ದು ಎಲ್ಲ ಒಣಗಿತು. ರೈಲು ಬಂದಿತ್ತು, ಅದೂ ಹೋಯಿತು, ಈಗ ಹಳಿ ಕಿತ್ತ ಜಾಗದಲ್ಲಿ ಜನ ಸೈಕಲ್ ಹೊಡೆಯುತ್ತಾರೆ. ಮಕ್ಕಳಿಲ್ಲದೆ ಶಾಲೆ ಮುಚ್ಚಿದೆ. ಆದರೂ ಊರಿಗೆ ಒಬ್ಬ ಮೇಯರ್ ಇದ್ದಾರೆ, ದನ ಸಾಕುವವರು, ಮದುವೆ ಮಾಡಿಸುವುದೂ ಅವರೇ.

"ಎಷ್ಟು ಜನ ಇದ್ದಾರೆ ಊರಿನಲ್ಲಿ?" ನನ್ನ ಗಂಡ ಕೇಳಿದರು. ಹುಡುಗ ಹೇಳಿದ. ಇವರು ಮನಸ್ಸಿನಲ್ಲೇ ನಮ್ಮ ಫ್ಲೋರುಗಳನ್ನು ಲೆಕ್ಕ ಹಾಕಿ, "ಮಾರಾಯಾ, ಈ ಬಿಲ್ಡಿಂಗಿನಲ್ಲಿ ಅದಕ್ಕಿಂತ ಹೆಚ್ಚು ಜನ ಉಂಟು! ನಮಗೆ ಬರೀ ವಾಚ್‌ಮನ್, ಮೇಯರ್ ಮಾಫಿ, ಇಲ್ಲವೇ ಇಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಮ್ಮ ನಗಲಿಲ್ಲ. "ಜಗಳ ಉಂಟಾ ಕೇಳು," ಎಂದಳು.

ಉಂಟು! ಆಚೆ ಊರಿನವರೊಂದಿಗೆ, ಗಡಿಯ ಒಂದು ನೀರಿನ ಒರತೆಗಾಗಿ, ತಲೆಮಾರುಗಳಿಂದ. ಈಗ ಆ ಒರತೆಯ ನೀರು ಯಾರಿಗೂ ಬೇಡ, ಎಲ್ಲರ ಮನೆಯಲ್ಲೂ ನಲ್ಲಿ ಇದೆ, ಆದರೂ ಆ ಊರಿನವರ ಜೊತೆ ಇವರು ಇವತ್ತಿಗೂ ಚೆಂಡಾಟ ಆಡುವುದಿಲ್ಲ. ಅಮ್ಮನ ಮುಖ ಮೊದಲ ಸಲ ಸಡಿಲವಾಯಿತು. "ಹಾಂ, ಊರಿನ ಹಾಗೆ ಉಂಟು," ಎಂದಳು. ಮಗಳು ನನ್ನ ಕೈ ಹಿಂಡಿದಳು.

ಕೊನೆಗೆ ಹುಡುಗ ಇಗರ್ಜಿಯ ಪಕ್ಕ ಒಂದು ಸಣ್ಣ ಚೌಕ ಎಳೆದ. ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು. ಒಂದೇ ಮನೆತನದ ಹೆಸರು ಅದರಲ್ಲಿ ಮೇಲಿಂದ ಮೇಲೆ ಬರುತ್ತದೆ, ಅಣ್ಣ ತಮ್ಮಂದಿರು. ಅದು ತಮ್ಮ ಎದುರುಮನೆ, ಈಗ ಅಲ್ಲಿ ಆ ಮನೆತನದ ಒಬ್ಬ ಅಜ್ಜಿ ಇದ್ದಾರೆ, ತನ್ನನ್ನು ಎತ್ತಿ ಆಡಿಸಿದವರು ಎಂದ. ಅಮ್ಮ ಆ ಚೌಕದ ಹತ್ತಿರ ಬೆರಳಿಟ್ಟಳು. "ಅವರ ಹತ್ತಿರ ಮಾತಾಡ್ಬೇಕು. ಈಗಲೇ," ಎಂದಳು.

ಹುಡುಗ ಫೋನು ಮಾಡಿದ. ಅವನ ತಾಯಿ ಫೋನು ಹಿಡಿದುಕೊಂಡೇ ಓಣಿ ದಾಟಿ ಎದುರುಮನೆಗೆ ಹೋದರು. ಪರದೆಯ ಮೇಲೆ ಬಿಳಿ ಕೂದಲಿನ, ಏಪ್ರನ್ ಕಟ್ಟಿದ ಒಬ್ಬ ಮುದುಕಿ ಕಾಣಿಸಿದರು. ಹುಡುಗ ಅನುವಾದಕ್ಕೆ ಬಾಯಿ ತೆರೆದದ್ದೇ ತಡ, ಅಮ್ಮ ತಡೆದಳು. "ಅವನು ಸುಮ್ಮನಿರಲಿ. ಅವನ ಸಾಕ್ಷಿಗೆ ಅವನೇ ವಕೀಲನಾ?" ಅರೆಬರೆ ಫ್ರೆಂಚ್ ಕಲಿತಿದ್ದ ಮಗಳೇ ಮಾತು ಸಾಗಿಸಿದಳು.

ಮುದುಕಿಯ ಸಾಕ್ಷಿ ಹೀಗಿತ್ತು: ಹುಡುಗ ಸಣ್ಣವನಿದ್ದಾಗ ಅವರ ಚೆರಿ ಮರದ ಕೊಂಬೆ ಮುರಿದಿದ್ದಾನೆ. ಕೇಳಿದ್ದಕ್ಕೆ ಬೆಕ್ಕು ಮುರಿಯಿತು ಎಂದಿದ್ದಾನೆ. ಸುಳ್ಳು ಹೇಳಲು ಅವನಿಗೆ ಬರುವುದೇ ಇಲ್ಲ, ಮೂಗು ಕೆಂಪಾಗುತ್ತದೆ. ರಜೆಗೆ ಬಂದರೆ ಇಡೀ ಚಳಿಗಾಲಕ್ಕೆ ಆಗುವಷ್ಟು ಸೌದೆ ಒಡೆದು ಕೊಟ್ಟು ಹೋಗುತ್ತಾನೆ. ನಾವೆಲ್ಲ ಹುಡುಗನ ಮೂಗು ನೋಡಿ ನಕ್ಕೆವು. ಅಮ್ಮ ನಗಲಿಲ್ಲ, ಪರದೆಯ ಹತ್ತಿರ ಬಾಗಿದಳು.

"ನಮ್ಮ ಹುಡುಗಿ ಆ ಮನೆಯಲ್ಲಿ ಒಂದು ದಿನ ಒಬ್ಬಳೇ ಕೂತು ಅತ್ತರೆ, ನಿಮಗೆ ಕೇಳ್ತದಾ?"

ಮಗಳಿಗೆ ಅದನ್ನು ಹೇಳಲು ಸ್ವಲ್ಪ ಸಮಯ ಬೇಕಾಯಿತು. ಮಾತು ಮುಟ್ಟಿದ ಮೇಲೆ ಮುದುಕಿ ಫೋನು ಎತ್ತಿಕೊಂಡು ಹೋಗಿ ಕಿಟಕಿ ತೆರೆದರು. ಕಿರಿದಾದ ಓಣಿ, ಆಚೆ ಬದಿಯಲ್ಲಿ ಹುಡುಗನ ಮನೆಯ ಅಡುಗೆಮನೆಯ ಕಿಟಕಿ. ಕೈ ಚಾಚಿದರೆ ಸಾಂಬಾರು ಕೊಡಬಹುದಿತ್ತು. ಆ ಮನೆಯವರು ಒಲೆಯ ಮೇಲೆ ಬಾಣಲೆ ಇಟ್ಟರೂ ನನಗೆ ಕೇಳುತ್ತದೆ, ಅತ್ತರೆ ಬಂದೇ ಬರುತ್ತೇನೆ, ಮಂಡಿ ನೋವು, ಸ್ವಲ್ಪ ತಡವಾಗಬಹುದು ಎಂದರು ಮುದುಕಿ.

"ಸಾಕು," ಎಂದಳು ಅಮ್ಮ. "ಊರು ಉಂಟು. ಕೊಡುವ."

ಮಗಳು ಅಜ್ಜಿಯನ್ನು ತಬ್ಬಿಕೊಂಡ ರಭಸಕ್ಕೆ ಇಗರ್ಜಿ, ಪಂಚಾಯಿತಿ, ಒಗೆಯುವ ತೊಟ್ಟಿ ಎಲ್ಲ ಅಳಿಸಿಹೋದವು. ನನ್ನ ಗಂಡ ಹುಡುಗನ ಬೆನ್ನು ತಟ್ಟಿ "ಯಲ್ಲಾ, ಏಳು, ಊಟ ಮಾಡುವ" ಎಂದು ಎಬ್ಬಿಸಿದರು. ನಾನು ಪುಡಿ ಗುಡಿಸಲು ಬಾಗಿದಾಗ ಅಮ್ಮ ನನ್ನ ಸೆರಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಿನ್ನನ್ನು ಕೊಡುವಾಗ ಊರು ನೋಡ್ಲಿಲ್ಲ ನಾನು," ಎಂದಳು ಮೆಲ್ಲಗೆ. "ದುಬೈ ಅಂತ ಹೇಳಿದರು, ನಮಗೆಲ್ಲ ತಲೆ ತಿರುಗಿತು. ಯಾರನ್ನೂ ಕಳಿಸ್ಲಿಲ್ಲ, ಎಂತದೂ ಕೇಳ್ಲಿಲ್ಲ. ನೀನು ಇಲ್ಲಿ ಅತ್ತದ್ದು ಉಂಟಾ?"

ಇಲ್ಲ ಎನ್ನಬೇಕೆಂದುಕೊಂಡೆ. ಆದರೂ "ಉಂಟು," ಎಂದೆ.

"ಯಾರಿಗಾದರೂ ಕೇಳಿತಾ?"

ಆಗ ಹೇಳಿದೆ. ಮದುವೆಯಾಗಿ ಬಂದ ಹೊಸದರಲ್ಲಿ ನಾವು ಇದೇ ದುಬೈಯ ನೈಫ್ ಏರಿಯಾದಲ್ಲಿ ಒಂದೇ ಕೋಣೆಯಲ್ಲಿದ್ದೆವು. ಇವರು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಒಂದು ಮಧ್ಯಾಹ್ನ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಕೋಣೆಯ ಬ್ಯಾರಿ ಅಕ್ಕ, ಉಪ್ಪಿನಂಗಡಿ ಕಡೆಯವರು, ಕೈಯಲ್ಲಿ ನೀರುದೋಸೆಯ ತಟ್ಟೆ. "ನಲ್ಲಿ ಬಂದ್ ಮಾಡು, ನೀರು ಯಾಕೆ ಹಾಳು ಮಾಡುದು? ಇಲ್ಲಿ ಕೂತು ಅಳು, ನಾನಿದ್ದೇನೆ," ಎಂದರು. ನನ್ನ ಅಳು ನಿಲ್ಲುವವರೆಗೆ, ಎಷ್ಟೋ ಮಧ್ಯಾಹ್ನ, ಹಾಗೆ ಬಂದು ಕೂತರು. ಈಗ ಊರಿಗೆ ಹೋಗಿ ಮೊಮ್ಮಕ್ಕಳೊಂದಿಗೆ ಇದ್ದಾರೆ.

ಅಮ್ಮನ ಕಣ್ಣು ತುಂಬಿತ್ತು. "ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲ ಅಲ್ಲವಾ ನೀನು."

"ಹೇಳಿದ್ದರೆ ನೀನು ಅಲ್ಲಿ ಕೂತು ಅಳುತ್ತಿದ್ದೆ ಅಮ್ಮ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಹೆಗಲು ಹಿಡಿದು ಎದ್ದು ನಿಂತಳು. "ಮದುವೆಗೆ ಕರೆಯುವ ಮೊದಲ ಹೇಳಿಕೆ ಆ ಅಕ್ಕನ ಮನೆಗೆ. ಫೋನಿನಲ್ಲಿ ಅಲ್ಲ. ಊರಿಗೆ ಇಳಿದ ಮಾರನೇ ದಿನ ನಾನೇ ಹೋಗ್ತೇನೆ," ಎಂದಳು. "ಇಲ್ಲಿ ನಿನಗೆ ಊರಾದದ್ದು ಅವರು. ಆ ಊರನ್ನು ನಾನಿನ್ನೂ ನೋಡಿಲ್ಲ."