ಖಾಲಿ ಹೋಗದ ಡಬ್ಬಿ

ನನ್ನ ಮೇಜಿನ ಮೇಲೆ, ಕಂಪ್ಯೂಟರಿಗೂ ನೀರಿನ ಬಾಟಲಿಗೂ ನಡುವೆ, ಒಂದು ಸ್ಟೀಲ್ ಡಬ್ಬಿ ಕೂತಿದೆ. ಮುಚ್ಚಳದ ಮೇಲೆ ಕೊರೆಸಿದ ಹೆಸರು ಅರ್ಧ ಸವೆದಿದೆ. ಅದು ನನ್ನದಲ್ಲ, ನನ್ನನ್ನು ಬೈಯಲು ಬಂದಿದ್ದವರದು. ಬೈಯುವವರು ಡಬ್ಬಿ ಹಿಡಿದು ಬರುತ್ತಾರೆಯೇ ಎಂದು ನೀವು ಕೇಳಬಹುದು. ವಿಶಾಖಪಟ್ಟಣದಲ್ಲಿ ಪತ್ರಿಕೆಯ ಕೆಲಸ ಮಾಡಿ ನೋಡಿ, ಗೊತ್ತಾಗುತ್ತದೆ.

ಮೈಸೂರಿನವಳಾದ ನಾನು ತೆಲುಗು ಮನೆಯ ಸೊಸೆಯಾಗಿ ಇಲ್ಲಿಗೆ ಬಂದು, ತೆಲುಗು ಅಕ್ಷರಗಳನ್ನು ಅಂಗಡಿಯ ಬೋರ್ಡುಗಳಿಂದ ಕಲಿತು, ದ್ವಾರಕಾ ನಗರದ ಸಣ್ಣ ತೆಲುಗು ದಿನಪತ್ರಿಕೆಯೊಂದರಲ್ಲಿ ಊರಿನ ಸುದ್ದಿಯ ಜೊತೆಗೆ ವಾರಕ್ಕೊಂದು ಅಡುಗೆ ಅಂಕಣವನ್ನೂ ಬರೆಯುತ್ತೇನೆ. ಹೊಗಳುವ ಓದುಗರಿಗೆ ಪುರುಸೊತ್ತು ಕಡಿಮೆ, ಫೋನಿಗೊಂದು ಹೆಬ್ಬೆರಳಿನ ಚಿತ್ರ ಕಳಿಸಿ ಮಾಯವಾಗುತ್ತಾರೆ; ತಕರಾರಿನವರು ಮಾತ್ರ ಒಂದು ಸಾಲನ್ನೂ ಬಿಡದೆ ಓದಿರುತ್ತಾರೆ. ಹಾಗಾಗಿ ನನಗೆ ಅವರ ಮೇಲೆ ಒಳಗೊಳಗೇ ಮಮತೆ.

ಆದರೆ ಈಚಿನ ಒಂದು ತಕರಾರಿಗೆ ಆ ಮಮತೆಯೂ ಸಾಲದಾಯಿತು. ತೆಲುಗರ ಹುಣಸೆಯನ್ನವಾದ ಪುಳಿಹೋರ ಮಾಡುವ ಬಗೆಯನ್ನು ಬರೆಯುತ್ತ ಬರೆಯುತ್ತ ಮನಸ್ಸು ತನ್ನಷ್ಟಕ್ಕೆ ಅಮ್ಮನ ಅಡುಗೆಮನೆ ಹೊಕ್ಕು, ಹುಣಸೆರಸಕ್ಕೆ ಬೆಲ್ಲ ಹಾಕಿ, ಮೇಲೊಂದಿಷ್ಟು ಕೊಬ್ಬರಿಯನ್ನೂ ಉದುರಿಸಿಬಿಟ್ಟಿತ್ತು. ಅದು ಅಚ್ಚಾಗಿ ಬೆಳಗಾಗುವಷ್ಟರಲ್ಲಿ ವಿಜಯವಾಡದವರೆಗೂ ಓದುಗರು ಕೆರಳಿದ್ದರು. ಪುಳಿಹೋರಕ್ಕೆ ಬೆಲ್ಲವೇ, ಇನ್ನು ಪಾಯಸಕ್ಕೆ ಒಗ್ಗರಣೆಯೇ ಎಂದು ಕೇಳಿದರು. ಸಂಪಾದಕರು, "ಬೆಲ್ಲ ತಪ್ಪಾಗಿ ಬಿದ್ದಿದೆ ಅಂತ ಒಂದು ತಿದ್ದುಪಡಿ ಹಾಕಿಬಿಡಿ ಮೇಡಂ. ಇಲ್ಲದಿದ್ದರೆ ಅಂಕಣಾನೇ ನಿಲ್ಲಿಸಬೇಕಾಗುತ್ತೆ" ಎಂದರು.

ಎರಡು ಸಾಲು ಬರೆಯಲು ಕೂತವಳಿಗೆ ಕೈ ಓಡಲಿಲ್ಲ. ಅಷ್ಟರಲ್ಲಿ ಹಾಸನದ ಕಡೆಯ ಹೆಂಗಸೊಬ್ಬಳು, ಗಂಡ ಇಲ್ಲಿಯ ನೌಕಾಪಡೆಯಲ್ಲಿದ್ದಾನಂತೆ, ಫೋನ್ ಮಾಡಿದಳು. "ಅಕ್ಕಾ, ನಂಗೆ ತೆಲುಗು ಓದಕ್ಕೆ ಬರಲ್ಲ, ಮಗಳು ಓದಿ ಹೇಳಿದ್ಲು. ನೋಡೇ, ನಮ್ಮನೆ ಪುಳಿಯೋಗರೆ ಪೇಪರಲ್ಲಿ ಬಂದೈತೆ ಅಂದೆ ಅವಳಿಗೆ." ನಾಳೆ ಅದು ತಪ್ಪೆಂದು ಅಚ್ಚಾದರೆ ಅದನ್ನೂ ಆ ಮಗಳೇ ಓದಿ ಹೇಳಬೇಕು. ನನ್ನ ಅಮ್ಮನ ಕೈರುಚಿಯನ್ನು ನಾನೇ ಅಚ್ಚಿನ ದೋಷವೆಂದು ಸಾರಬೇಕಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಆಗ ಬಂದವರು ರಾಮಮೂರ್ತಿ ಗಾರು. ಮಂಗಳಗಿರಿಯ ನಿವೃತ್ತ ಮೇಷ್ಟ್ರು, ಹೆಂಡತಿಯೊಡನೆ ಇಲ್ಲೇ ಪೆಂದುರ್ತಿಯಲ್ಲಿರುವ ಮಗಳ ಮನೆಗೆ ಬಂದಿದ್ದವರು, ಕೈಯಲ್ಲಿ ಈ ಡಬ್ಬಿ. "ಬೈಯೋದು ಆಮೇಲೆ, ಮೊದಲು ತಿನ್ನಮ್ಮಾ" ಎಂದು ತೆಲುಗಿನಲ್ಲೇ ಗದರಿ ಮುಚ್ಚಳ ತೆಗೆದರು. ಹೆಂಡತಿ ಮಾಡಿಕೊಟ್ಟ ಪುಳಿಹೋರ: ಅರಿಶಿನದ ಬಣ್ಣ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವಿನ ಘಮ. ಸುಳ್ಳೇಕೆ ಹೇಳಲಿ, ಬಲು ಸೊಗಸಾಗಿತ್ತು. ಅಂದು ಹಠಕ್ಕೆಂದೇ ನಾನೂ ಮಧ್ಯಾಹ್ನದ ಊಟಕ್ಕೆ ಅಮ್ಮನ ಪುಳಿಯೋಗರೆ ಕಲಸಿಕೊಂಡು ಹೋಗಿದ್ದೆ. ಅದನ್ನು ಅವರ ಮುಂದೆ ಸರಿಸಿದೆ. "ಇದು ಪುಳಿಹೋರ ಅಲ್ಲವೇ ಅಲ್ಲ" ಎಂದು ತಲೆಯಾಡಿಸುತ್ತಲೇ ನನ್ನ ಡಬ್ಬಿಯ ತಳ ಕಾಣಿಸಿದರು.

"ನಿಮ್ಮೂರಿನ ಬೆಟ್ಟದ ನರಸಿಂಹಸ್ವಾಮಿ ಭಕ್ತರು ಬಾಯಿಗೆ ಹುಯ್ಯೋ ಬೆಲ್ಲದ ಪಾನಕ ಕುಡೀಬಹುದು, ನಾನು ಬೆಲ್ಲ ಹಾಕಬಾರದೇ ಮೇಷ್ಟ್ರೇ?" ಎಂದೆ.

"ಸ್ವಾಮಿ ಅದನ್ನು ಪಾನಕ ಅಂತಲೇ ಕುಡೀತಾನೆ. ನೀನು ಇದನ್ನು ಪುಳಿಹೋರ ಅಂದೆಯಲ್ಲ, ನನ್ನ ಜಗಳ ಅಷ್ಟೇ."

ಆ ವಾರ ತಿದ್ದುಪಡಿ ಬಂತು. ಪುಳಿಹೋರವೆಂದು ಪ್ರಕಟವಾದದ್ದು ಮೈಸೂರು ಕಡೆಯ ಪುಳಿಯೋಗರೆ, ಹೆಸರು ತಪ್ಪಿದ್ದಕ್ಕೆ ವಿಷಾದವಿದೆ, ಬೆಲ್ಲಕ್ಕಲ್ಲ ಎಂದು ಬರೆದಿದ್ದೆ. ಕೊನೆಯ ಮಾತನ್ನು ಹೊಡೆದುಹಾಕಲು ಪೆನ್ನು ಎತ್ತಿದ ಸಂಪಾದಕರು ನಕ್ಕು ಅದನ್ನು ಕೆಳಗಿಟ್ಟರು. ಅಂಕಣ ಉಳಿಯಿತು.

ತುಂಬಿ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದೆನ್ನುವುದು ಅಮ್ಮನ ಮನೆಯಲ್ಲೂ ಅತ್ತೆಯ ಮನೆಯಲ್ಲೂ ನಡೆದುಬಂದ ರೂಢಿ. ಓದುಗರ ತಕರಾರಿಗೂ ಅದು ಸಲ್ಲಬೇಕೆಂದು ಈಗೀಗ ಅನ್ನಿಸುತ್ತಿದೆ. ಅಂದು ಮೇಷ್ಟ್ರು ಬಿಟ್ಟುಹೋದ ಡಬ್ಬಿಗೆ ಆಮೇಲೆ ನಾನು ಪುಳಿಯೋಗರೆ ತುಂಬಿ ಕಳಿಸಿದ್ದೆ; ಅದು ಇಂದು ಮಧ್ಯಾಹ್ನ ಮೇಷ್ಟ್ರ ಅಳಿಯನ ಕೈಯಲ್ಲಿ ಮರಳಿ ಬಂದಿದೆ. "ಅಸಲಿ ಪುಳಿಹೋರ ಅಂದರೆ ಇದು, ಚೆನ್ನಾಗಿ ನೆನಪಿಟ್ಟುಕೋ ಅಂತ ಮಾವನವರು ಹೇಳಿದ್ದಾರೆ" ಎಂದು ಹೇಳಿ ಹೋದರು. ಅದೇ ಅರಿಶಿನ, ಅದೇ ಕರಿಬೇವು. ಎರಡನೆಯ ತುತ್ತಿನಲ್ಲಿ, ಹುಳಿ ಗಂಟಲಿಗಿಳಿದ ಮೇಲೆ, ನಾಲಿಗೆಗೆ ಚೂರೇ ಚೂರು ಬೆಲ್ಲ ಹತ್ತಿತು. ಯಾರಿಗೂ ಹೇಳಿಲ್ಲ. ಪೆಂದುರ್ತಿಯ ಕಡೆ ಹೋದರೆ ನೀವೂ ಬಾಯಿ ಬಿಡಬೇಡಿ.